ಸಾಹೇಬರಿಗೆ ಕೊಟ್ಟ ದರ

ಮಾರ್ಚ್ ಹನ್ನೊಂದು, ಮಂಗಳವಾರ ಬೆಳಗ್ಗೆ ವಳಸಂಗದ ಶಿವಲಿಂಗವ್ವ ಸ್ಪೀಕರ್ ಪೆಟ್ಟಿಗೆಯನ್ನು ಹೊತ್ತುಕೊಂಡೇ ಠಾಣೆಗೆ ಬಂದಳು. ಗಂಡ ರೇವಪ್ಪ ಊರಿಗೆಲ್ಲ ಭಜನೆ ಹಾಡಿದವನು. ಗಂಟಲಿನ ಆಪರೇಷನ್ ಆದಮೇಲೆ ಅವನ ದನಿ ಉಳಿದದ್ದು ಮೊಬೈಲಿನ ರೆಕಾರ್ಡಿಂಗ್‌ನಲ್ಲಷ್ಟೇ. ಅದನ್ನು ಮನೆ ತುಂಬ ಕೇಳಿಸಬೇಕೆಂದು ಉಮದಿಯ ಕಲ್ಮೇಶನ ಅಂಗಡಿಯಿಂದ ಹೋಮ್ ಥಿಯೇಟರ್ ತಂದಿದ್ದಳು. ವಾರದೊಳಗೆ ಸ್ಪೀಕರ್ ಸುಟ್ಟಿತು. ಒಳಗಿನ ಮಾಲು ನಮ್ಮದಲ್ಲ ಎಂದು ಕಂಪನಿಯವರು ಕೈ ತೊಳೆದುಕೊಂಡಿದ್ದರು.

"ಅಂಗಡ್ಯಾಗ ಹಚ್ಚಿ ನೋಡಿದ್ದಿಲ್ಲೇನವ್ವಾ?" ಇನ್ಸ್‌ಪೆಕ್ಟರ್ ಭೀಮರಾಯ ಕೇಳಿದರು.

"ಅಂವ ಹಚ್ಚಿ ತೋರಿಸಿದ್ನರಿ, ಭಾಳ ಚಲೋ ಇತ್ತು. ಮಂದಿಗೆಲ್ಲ ತೋರಿಸಿದ್ದು ಬ್ಯಾಡ, ಸೀಲ್ ಒಡಿಲಾರದ್ದು ಕೊಡು ಅಂದ್ನಿ. ಕಲ್ಮೇಶ ಅಂದ್ರ ನಮ್ಮನಿ ಹುಡುಗ ಇದ್ದಂಗ್ರಿ."

ಭೀಮರಾಯರಿಗೆ ಕುರ್ಚಿಯಲ್ಲಿ ನೆಟ್ಟಗೆ ಕೂರಲಾಗಲಿಲ್ಲ. ದೀಪಾವಳಿಗೆ ಅವರೂ ಅಲ್ಲಿಂದಲೇ ಅಂಥದೇ ಸೆಟ್ ತಂದಿದ್ದರು. ಅದು ಈಗಲೂ ಗೋಡೆ ನಡುಗಿಸುತ್ತಿತ್ತು.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಇಬ್ಬರು ಪಂಚರು ಮತ್ತು ಹವಾಲ್ದಾರ ಬೀರುವಿನೊಂದಿಗೆ ಅಂಗಡಿಗೆ ಹೋದರು. ಹಚ್ಚಿ ತೋರಿಸುವ ಸೆಟ್ ಅಸಲಿ. ಗೋಡೌನಿನ ಪೆಟ್ಟಿಗೆಗಳ ಮೇಲಿನ ಸೀಲೂ ಅಸಲಿ. ಬೀರು ಒಂದನ್ನು ಮಗುಚಿ ತಳಕ್ಕೆ ಬೆರಳಾಡಿಸಿದ. ಅಲ್ಲಿನ ಟೇಪು ಬಿಚ್ಚಿ ಹೊಸದಾಗಿ ಅಂಟಿಸಿದ್ದು. ಒಳಗೆ ಹೆಸರಿಲ್ಲದ, ಹಗುರವಾದ ಸ್ಪೀಕರ್‌ಗಳು. ಹೊಸ ಸೀಲಿಗೆ ಜೀವ ಬಿಡುವ ಜನ, ತಳ ನೋಡುವವರು ಯಾರಿದ್ದಾರೆ? ಪಂಚನಾಮೆ ಮುಗಿಯಿತು.

"ಅಸಲಿ ಸ್ಪೀಕರ್ ಎಲ್ಲಿ?" ಭೀಮರಾಯ ಕೇಳಿದರು.

"ತಗದು ಬ್ಯಾರೆ ಮಾರೀನ್ರಿ," ಎಂದ ಕಲ್ಮೇಶ.

"ಯಾವಾಗಿಂದ?"

"ದೀಪಾವಳಿಯಿಂದ್ರಿ."

"ಯಾಕ?"

"ಮಂದಿ ಮೊಬೈಲ್‌ನ್ಯಾಗಿನ ರೇಟ್ ತೋರಿಸಿ ಅದಕ್ಕ ಕೊಡು ಅಂತಾರ್ರಿ. ಹೆಂಗೋ ತಡಕೊಂಡಿದ್ನಿ..." ಅವನು ತಲೆ ತಗ್ಗಿಸಿದ.

"ಹೇಳು."

"ನಿಮಗ ಅರ್ಧಾ ರೇಟಿಗೆ ಕೊಟ್ಟಿದ್ನೆಲ್ರಿ. ಅದು ಸುದ್ದಿ ಆತು. ಸಾಹೇಬ್ರಿಗೆ ಕೊಟ್ಟಿ, ನಮಗ ಇಷ್ಟ ದಿನ ಮೋಸ ಮಾಡೀದಿ ಅಂತ ಎಲ್ಲಾರೂ ಅದ ರೇಟ್ ಹಿಡದ್ರು. ಒಲ್ಲೆ ಅಂದ್ರ ಗಿರಾಕಿ ಬರೂದ ಬಿಟ್ರು."

ಅಂದು ಕೌಂಟರ್ ಮೇಲೆ ಟೊಪ್ಪಿಗೆ ಇಟ್ಟು "ರೇಟ್ ನೋಡಿ ಹಾಕು" ಅಂದದ್ದೂ, ಮರುದಿನ ಚಹಾದಂಗಡಿಯಲ್ಲಿ ಆ ದರವನ್ನು ಹೆಮ್ಮೆಯಿಂದ ಹೇಳಿಕೊಂಡದ್ದೂ ಭೀಮರಾಯರೇ. ಅವರಿಗೆ ನಾಚಿಕೆಯಾಯಿತು.

"ನಿಮ್ಮದು ಅಸಲೀನ ಐತ್ರಿ, ಚಿಂತಿ ಮಾಡಬ್ಯಾಡ್ರಿ," ಎಂದ ಕಲ್ಮೇಶ ಮೆಲ್ಲಗೆ.

ಹೇಳಿಕೆ ಬರೆಯುತ್ತಿದ್ದ ಬೀರುವಿನ ಪೆನ್ನು ನಿಂತಿತು. "ಸಾಹೇಬ್ರ, ಇದನ್ನೂ ಬರೀಲೇನ್ರಿ?"

"ಎಲ್ಲಾ ಬರಿ."

ಸಂಜೆ ಕಲ್ಮೇಶನ ಬಂಧನವಾಯಿತು. ಠಾಣೆಯ ಮೆಟ್ಟಿಲ ಬಳಿ ಕಾಯುತ್ತಿದ್ದ ಶಿವಲಿಂಗವ್ವ ಕೈ ಮುಗಿದಳು. "ಭಾಳ ಲಗೂನ ಹಿಡದ್ರಿ ಸಾಹೇಬ್ರ. ನಿಮ್ಮ ಉಪಕಾರ ಮರಿಯೂದಿಲ್ಲ."

"ಹಂಗ ಅನ್ನಬ್ಯಾಡವ್ವಾ," ಎಂದರು ಭೀಮರಾಯ. ಅವಳ ಮುಖ ನೋಡಲು ಅವರಿಂದಾಗಲಿಲ್ಲ.

ತನಿಖೆಯನ್ನು ಬೇರೆ ಅಧಿಕಾರಿಗೆ ವಹಿಸುವಂತೆ ಆ ರಾತ್ರಿಯೇ ಮೇಲಿನವರಿಗೆ ವರದಿ ಕಳಿಸಿದರು. ಎರಡನೆಯ ಪಂಚನಾಮೆ ನಡೆದದ್ದು ಭೀಮರಾಯರ ಮನೆಯಲ್ಲಿ. ದೀಪಾವಳಿಯ ಸೆಟ್ಟಿನ ವೈರುಗಳನ್ನು ಅವರೇ ಬಿಚ್ಚಿ, ಸುತ್ತಿ ಕೊಟ್ಟರು.