ಬೆವರಿನ ಬಿಳುಪು

ಗಾಜಿನ ಕೋಣೆಯೊಳಗೆ ಕಡುನೀಲಿ ಜೀನ್ಸ್ ಪ್ಯಾಂಟೊಂದು ಕೊಕ್ಕೆಗೆ ತೂಗುತ್ತಿತ್ತು. ಮೇಲಿನಿಂದ ಮಂಜಿನಂಥದ್ದೇನೋ ಇಳಿಯಿತು; ಬದಿಯಿಂದ ನೇರಳೆ ಬೆಳಕಿನ ಪಟ್ಟೆಯೊಂದು ಬಂದು ಮೊಣಕಾಲಿನ ಮೇಲೆ ನಿಂತಿತು. ಬೆಳಕು ಬಿದ್ದಲ್ಲೆಲ್ಲ ನೀಲಿ ಕರಗಿ, ವರ್ಷಗಟ್ಟಲೆ ತೊಟ್ಟು ಸವೆಸಿದಂಥ ಮಾಸಲು ಬಣ್ಣ ಮೂಡಿತು. ನೆಲಕ್ಕೆ ಒಂದು ಹನಿ ನೀರೂ ಬೀಳಲಿಲ್ಲ.

ಕುರ್ಚಿ ಹಾಕಿದ್ದರೂ ರಖುಮಾಬಾಯಿಗೆ ಕೂರಲಾಗಲಿಲ್ಲ. ಗಾಜಿನ ಸುತ್ತ ತಿರುಗುತ್ತಲೇ ಇದ್ದಳು.

ಬಳ್ಳಾರಿಯಲ್ಲಿ ಜೀನ್ಸ್ ತೊಳೆದು ಮಾಸಲು ಮಾಡುವ ಘಟಕಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲವದು. ತುಂಗಭದ್ರೆಯ ನೀರು ಊರಿನ ಕುಡಿಯುವ ನೀರಿಗೇ ಸಾಲದೆ, ಕಾರ್ಖಾನೆಗಳ ಕೊಳಾಯಿಗಳು ಒಣಗಿದ್ದವು. ಅತ್ತ ವಿದೇಶದ ಖರೀದಿದಾರರು ನೀರಿನಲ್ಲಿ ತೊಳೆದ ಬಟ್ಟೆಯನ್ನು ಇನ್ನು ಮುಟ್ಟುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಬೇಸಿಗೆ ದೀಪಾವಳಿಯ ಹೊತ್ತಿಗೂ ಮುಗಿಯುತ್ತಿರಲಿಲ್ಲ. ತಂದೆ ಸಿಪಾಯಿಗಳ ಸಮವಸ್ತ್ರ ಹೊಲಿಯುತ್ತ ಕಟ್ಟಿದ ಘಟಕ ತನ್ನ ಕೈಯಲ್ಲಿ ಮುಚ್ಚಿಹೋಗುತ್ತದೆಂಬ ದಿಗಿಲು ರಖುಮಾಬಾಯಿಯನ್ನು ತಿನ್ನುತ್ತಿತ್ತು. ಆಗ ಸಿಕ್ಕವಳು ಸೂಕ್ಷ್ಮಜೀವಿ ವಿಜ್ಞಾನಿ ಡಾ. ಶಾಂಭವಿ ಮೇಟಿ.

"ಒಳಗ ಏನ್ ನಡದೈತ್ರಿ?" ರಖುಮಾಬಾಯಿ ಕೇಳಿದಳು.

"ಊಟ," ಎಂದು ಶಾಂಭವಿ ನಕ್ಕಳು. "ಆ ಮಂಜಿನಲ್ಲಿ ಕೋಟಿಗಟ್ಟಲೆ ಜೀವಾಣುಗಳಿವೆ. ನಾನು ಅವನ್ನು ನೀಲಿಭಕ್ಷಕಗಳು ಅಂತ ಕರೆಯುತ್ತೇನೆ. ನೇರಳೆ ಬೆಳಕು ಬಿದ್ದಾಗ ಮಾತ್ರ ಎಚ್ಚರಗೊಂಡು ನೀಲಿ ಬಣ್ಣ ತಿನ್ನುತ್ತವೆ. ಬೆಳಕಿನಿಂದ ಎಂಥ ಚಿತ್ರ ಬರೆದರೆ ಅಂಥ ಮಾಸಲು."

"ತಿಂದಾದ ಮ್ಯಾಲೆ?"

"ಬಿಸಿ ಕೋಣೆಗೆ ಹಾಕ್ತೀವಿ. ಅಲ್ಲೇ ಸಾಯುತ್ತವೆ."

"ಎಲ್ಲಾ ಸಾಯ್ತಾವ?"

ಶಾಂಭವಿ ಗಾಜಿನತ್ತ ಮುಖ ತಿರುಗಿಸಿದಳು. "ಸಾಯಬೇಕು," ಎಂದಳು.

ವರ್ಷ ತುಂಬುವಷ್ಟರಲ್ಲಿ ಘಟಕ ಮತ್ತೆ ಗಿಜಿಗುಟ್ಟತೊಡಗಿತು. ಕಡಲಾಚೆಯ ದೊಡ್ಡ ಕಂಪನಿಯೊಂದು ತನ್ನ ಉಗ್ರಾಣಗಳ ಕೆಲಸಗಾರರಿಗೆಲ್ಲ ಇಲ್ಲಿನ ಪ್ಯಾಂಟನ್ನೇ ಸಮವಸ್ತ್ರ ಮಾಡಿತು. ಆದರೂ ರಖುಮಾಬಾಯಿಗೆ ನೆಮ್ಮದಿಯಿರಲಿಲ್ಲ. ಫೋನು ಮೊಳಗಿದರೆ ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದಳು.

ಕೊನೆಗೂ ಕಂಪನಿಯಿಂದ ಆ ಕರೆ ಬಂದೇ ಬಂತು. ಪ್ಯಾಂಟುಗಳು ತಾವಾಗಿ ಬಿಳುಚಿಕೊಳ್ಳುತ್ತಿವೆ! ಎಲ್ಲವೂ ಅಲ್ಲ. ಕಚೇರಿಯಲ್ಲಿ ಕೂತವರದು ನೀಲಿಯಾಗಿಯೇ ಉಳಿದಿತ್ತು. ಪೆಟ್ಟಿಗೆ ಹೊರುವವರದು ಮಾತ್ರ ಸೊಂಟ, ತೊಡೆ, ಮಂಡಿಯ ಹಿಂಬದಿಯಲ್ಲಿ ಹಾಲಿನಂತೆ ಬೆಳ್ಳಗಾಗುತ್ತಿತ್ತು.

ಶಾಂಭವಿ ಓಡಿಬಂದು ಪರೀಕ್ಷೆಗೆ ಕೂತಳು. "ಕೆಲವು ಜೀವಾಣುಗಳು ಬಿಸಿಗೆ ಸಾಯದೆ ಗಟ್ಟಿ ಕವಚ ಕಟ್ಟಿಕೊಂಡು ನೂಲಿನೊಳಗೆ ನಿದ್ದೆ ಹೋಗಿವೆ," ಎಂದಳು. "ಬೆವರಿನ ಉಪ್ಪು, ಮೈಯ ಕಾವು ಎರಡೂ ಮಿತಿಮೀರಿದಾಗ ಎದ್ದು ತಿನ್ನುತ್ತವೆ. ಇವಕ್ಕೆ ಬೆಳಕೇ ಬೇಕಿಲ್ಲ. ಸಾಧಾರಣ ಸೆಖೆಗೆ ಏಳುವುದಿಲ್ಲ. ಮನುಷ್ಯ ಕುಸಿದುಬೀಳುವಂಥ ಬೇಗೆಗೇ ಏಳುವುದು."

ಅಷ್ಟರಲ್ಲಿ ಕಡಲಾಚೆಯ ಉಗ್ರಾಣಗಳ ಹಮಾಲರು ಇದನ್ನು ತಮ್ಮಷ್ಟಕ್ಕೆ ಕಂಡುಕೊಂಡಿದ್ದರು. ಉಗ್ರಾಣ ತಂಪಾಗಿದೆಯೆಂದು ಕಂಪನಿಯ ಮಾಪಕಗಳು ಎಷ್ಟೋ ವರ್ಷದಿಂದ ಹೇಳುತ್ತಿದ್ದವು. ಅದು ಸುಳ್ಳೆಂದು ತೋರಿಸಲು ಹಮಾಲರು ಬೆಳ್ಳಗಾದ ಪ್ಯಾಂಟುಗಳನ್ನೆಲ್ಲ ತಂದು ಕಂಪನಿಯ ಬೇಲಿಗೆ ಸಾಲಾಗಿ ನೇತುಹಾಕಿದರು. ಆ ಚಿತ್ರವನ್ನು ಜಗತ್ತೇ ನೋಡಿತು. ಕಂಪನಿ ಉಳಿದ ಮಾಲನ್ನೆಲ್ಲ ಬಳ್ಳಾರಿಗೆ ವಾಪಸು ಕಳಿಸಿ, ಬೆವರಿಗೆ ಏಳದ ಜೀವಾಣು ಬೇಕು, ಇಲ್ಲವಾದರೆ ವ್ಯವಹಾರ ಮುಗಿಯಿತು ಎಂದಿತು.

"ಅಂಥದ್ದು ಮಾಡಾಕ ಆಗ್ತೈತೇನ್ರಿ?" ರಖುಮಾಬಾಯಿ ಶಾಂಭವಿಯನ್ನು ಕೇಳಿದಳು.

"ಕಷ್ಟವೇನಲ್ಲ. ಒಂದು ವಂಶವಾಹಿ ತೆಗೆದರಾಯಿತು. ಬಿಸಿ ಕೋಣೆಯ ಕಾವನ್ನೂ ಇನ್ನಷ್ಟು ಏರಿಸಬೇಕು."

ರಖುಮಾಬಾಯಿಗೆ ಹೋದ ಜೀವ ಬಂದಂತಾಯಿತು. ಕಾವು ಏರಿಸಲು ಹೇಳಬೇಕೆಂದು ತಾನೇ ದಡದಡ ಹೋಗಿ ಬಿಸಿ ಕೋಣೆಯ ಬಾಗಿಲು ತಳ್ಳಿದಳು. ಮುಖಕ್ಕೆ ಬೆಂಕಿ ಬಡಿದಂತಾಯಿತು. ಒಳಗೆ ಕೆಲಸದ ಹುಲಿಗೆಮ್ಮ ಪ್ಯಾಂಟು ತುಂಬಿದ ಬಂಡಿ ಎಳೆಯುತ್ತಿದ್ದಳು. ಸೀರೆಯ ಸೆರಗು ಉರುಳೆಗೆ ಸಿಕ್ಕೀತೆಂದು ಅಲ್ಲಿನ ಹೆಂಗಸರಿಗೆಲ್ಲ ಘಟಕದ ಪ್ಯಾಂಟನ್ನೇ ತೊಡಲು ಕೊಟ್ಟಿದ್ದರು.

ಹುಲಿಗೆಮ್ಮನ ಪ್ಯಾಂಟಿನಲ್ಲಿ ನೀಲಿಯೇ ಇರಲಿಲ್ಲ. ಸೊಂಟದಿಂದ ಪಾದದವರೆಗೆ ಸುಣ್ಣ ಬಳಿದಂತೆ ಬಿಳುಪು.

"ಇದು ಯಾವಾಗಿಂದ ಹಿಂಗಾಗೈತಿ?"

"ಹಾಕ್ಕೊಂಡ ವಾರದಾಗೇ ಬೆಳ್ಳಗಾತ್ರಿ ಅಕ್ಕಾರ," ಹುಲಿಗೆಮ್ಮ ಸೆರಗಿಲ್ಲದ್ದಕ್ಕೆ ಅಂಗೈಯಿಂದಲೇ ಹಣೆ ಒರೆಸಿಕೊಂಡಳು. "ಬಣ್ಣ ಹೋದ ಮಾಲು ನಮಗ ಕೊಟ್ಟಾರ ಅಂದ್ಕೊಂಡ್ವಿ."

"ಹೇಳಬಾರ್ದಿತ್ತೇನ?"

"ಏನಂತ ಹೇಳೋದ್ರಿ? ಸೆಕಿ ಅಂತ ಹೋದ ವರ್ಷ ಹೇಳಿದ್ವಿ. ಎಲ್ಲಾ ಕಡೀನೂ ಸೆಕಿ ಐತಿ ಅಂದ್ರಿ."

ಹೌದು, ರಖುಮಾಬಾಯಿ ಅಂದಿದ್ದಳು. ಫೋನಿನಲ್ಲಿ ಇನ್ನಾರೊಂದಿಗೋ ಮಾತಾಡುತ್ತಲೇ ಅಂದಿದ್ದಳು. ಆಕೆ ಬಂಡಿಯ ಇನ್ನೊಂದು ಹಿಡಿಕೆಗೆ ಕೈ ಹಾಕಿದಳು. ಆಚೆಯ ಗೋಡೆ ಮುಟ್ಟುವಷ್ಟರಲ್ಲಿ ಕಣ್ಣು ಕತ್ತಲಿಟ್ಟಿತು. ಹುಲಿಗೆಮ್ಮ ರಟ್ಟೆ ಹಿಡಿದು ಹೊರಗೆ ತಂದು ಕೂರಿಸಿ ನೀರು ಕೊಟ್ಟಳು.

ಸುಧಾರಿಸಿಕೊಂಡು ಮೊದಲು ಮಾಡಿದ್ದು ಬಿಸಿ ಕೋಣೆಯ ಕೆಲಸ ನಿಲ್ಲಿಸಿದ್ದು. ಬಂಡಿಗಳನ್ನು ಹೊರಗಿನಿಂದಲೇ ಎಳೆಯುವ ಸರಪಳಿ ಹಾಕುವವರೆಗೆ ಯಾರೂ ಒಳಗೆ ಹೋಗಕೂಡದೆಂದಳು. ಆಮೇಲೆ ಶಾಂಭವಿಗೆ ಫೋನು ಮಾಡಿದಳು.

"ಆ ಹೊಸ ಜೀವಾಣು ಬ್ಯಾಡ್ರಿ."

"ಆರ್ಡರ್ ಕೈತಪ್ಪುತ್ತದೆ, ರಖುಮಾಬಾಯಿಯವರೇ. ಯೋಚನೆ ಮಾಡಿ."

"ಯೋಚನೆ ಮಾಡಿದ್ರ ಮನಸು ಬದಲಾಗ್ತೈತಿ. ಅದಕ್ಕ ಈಗಲೇ ಹೇಳಿದೆ."

ಆರ್ಡರ್ ಕೈತಪ್ಪಿತು. ಯಂತ್ರಗಳ ಸದ್ದಡಗಿತು. ವಾಪಸು ಬಂದ ಪ್ಯಾಂಟುಗಳು ಗೋದಾಮಿನಲ್ಲಿ ಸೂರು ಮುಟ್ಟಿದ್ದವು. ಅವುಗಳ ನಡುವೆ ರಖುಮಾಬಾಯಿ ಹಗಲೆಲ್ಲ ಸುಮ್ಮನೆ ಓಡಾಡುವಳು; ತಾನು ಮಾಡಿದ್ದು ಸರಿಯೆಂದು ಒಮ್ಮೆ, ಹುಚ್ಚೆಂದು ಇನ್ನೊಮ್ಮೆ ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ಗೇಟಿನ ಮುಂದೆ ಜನ ನೆರೆದಿತ್ತು. ಊರಾಚೆಯ ಕಬ್ಬಿಣದ ಕುಲುಮೆಯ ಕೆಲಸಗಾರರು. ಕೆಲಸ ಕೇಳಲು ಬಂದರೇನೋ ಎಂದು ಆಕೆ ಅಳುಕುತ್ತಲೇ ಹೊರಬಂದಳು.

"ಹುಲಿಗೆಮ್ಮ ಹೇಳಿದ್ಲ್ರಿ," ಎಂದ ಮುಂದಿದ್ದವನು. "ಆ ಬೆಳ್ಳಗಾಗೋ ಪ್ಯಾಂಟು ನಮಗೂ ಬೇಕು. ಸೆಕಿ ಅಂತ ನಾವು ಬಾಯಿಲೆ ಹೇಳಿದ್ರ ಸಾಹೇಬ್ರು ನಂಬಂಗಿಲ್ಲ."

ರಖುಮಾಬಾಯಿ ಗೋದಾಮಿನ ಬಾಗಿಲು ತೆಗೆಸಿದಳು.

ಸುದ್ದಿ ಹಬ್ಬಿ, ರಾಯಚೂರಿನಿಂದ, ಮಂಗಳೂರಿನ ಬಂದರಿನಿಂದ, ಹೆಸರೇ ಕೇಳದ ದೇಶಗಳಿಂದ ಕಾರ್ಮಿಕ ಸಂಘಗಳು ವಿಚಾರಿಸತೊಡಗಿದವು. ಅಷ್ಟರಲ್ಲಿ ಕುಲುಮೆಯ ಗೇಟಿಗೆ ಹೊಸ ಫಲಕ ಬಿತ್ತು: ಜೀನ್ಸ್ ಪ್ಯಾಂಟು ತೊಟ್ಟವರಿಗೆ ಪ್ರವೇಶವಿಲ್ಲ.

ಶಾಂಭವಿ ಅದರ ಫೋಟೋ ನೋಡಿ ಬಿದ್ದು ಬಿದ್ದು ನಕ್ಕಳು. ರಖುಮಾಬಾಯಿಗೆ ನಗು ಬರಲಿಲ್ಲ. ಎದ್ದು ಕಿಟಕಿಯವರೆಗೆ ಹೋಗಿ ಬಂದು, ಕೇಳಿದಳು:

"ಆ ಜೀವಾಣು ಶರ್ಟಿಗೂ ಹಾಕಾಕ ಬರ್ತೈತೇನ್ರಿ?"