ಮೂರು ಡೆಸಿಬಲ್ ಹೊಟ್ಟೆಕಿಚ್ಚು

ಅವಳು ನಕ್ಕಳು. ನಕ್ಕಿದ್ದು ತಪ್ಪಲ್ಲ. ಆ ಕಂಪನಿಯವನ ಜೋಕಿಗೆ ನಕ್ಕಳಲ್ಲ, ಅದು ತಪ್ಪು. ಗೋಡೆಗೆ ಬೆನ್ನು ಕೊಟ್ಟು ಕೂತು ಸ್ಪೀಕರ್ ವೈರಿನ ತುದಿ ಸುಲಿಯುತ್ತಿದ್ದ ವೈರಣ್ಣ, ಆ ನಗು ಕಿವಿಗೆ ಬಿದ್ದದ್ದೇ ಅರ್ಧ ಇಂಚು ಸುಲಿಯುವ ಕಡೆ ಎರಡು ಇಂಚು ಸುಲಿದುಬಿಟ್ಟ.

ಒಂಬತ್ತು ವರ್ಷದಿಂದ ಆ ಎಲೆಕ್ಟ್ರಾನಿಕ್ಸ್ ಅಂಗಡಿಯ ಗಿರಾಕಿಗಳ ಮನೆಗೆ ಹೋಮ್ ಥಿಯೇಟರ್ ಕೂರಿಸಿಕೊಡುತ್ತಿದ್ದವನು ಅವನೇ. ಮುಂದೆ ಮೂರು ಸ್ಪೀಕರ್, ಹಿಂದೆ ಎರಡು, ಮೂಲೆಯಲ್ಲೊಂದು ಸಬ್‌ವೂಫರ್. ಇಷ್ಟಕ್ಕೆಲ್ಲ ಎಳೆದ ವೈರಲ್ಲಿ ಒಂದೇ ಒಂದು ಹೊರಗೆ ಕಾಣುತ್ತಿರಲಿಲ್ಲ. ಅದಕ್ಕೇ ಇಡೀ ಅಂಗಡಿಗೆ ಅವನು ವೈರಣ್ಣ. ಡೆಮೊ ಕೋಣೆಯಲ್ಲಿ ಗಿರಾಕಿಗಳಿಗೆ ಹಾಡು, ಸಿನಿಮಾ ಹಾಕಿ ತೋರಿಸುವ ಅವಳೊಬ್ಬಳು ಮಾತ್ರ ಅಣ್ಣನನ್ನು ಕಿತ್ತುಹಾಕಿ "ವೈರ್ ಸಾಹೇಬ್ರೇ" ಅನ್ನುತ್ತಿದ್ದಳು. ಆ ಒಂದು ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡು ಬಡಪಾಯಿ ಎರಡು ವರ್ಷ ದೂಡಿದ್ದ. ಹೇಳಿಕೊಳ್ಳುವ ಧೈರ್ಯ ಮಾತ್ರ ಬಂದಿರಲಿಲ್ಲ.

ಅಷ್ಟರಲ್ಲಿ ವಕ್ಕರಿಸಿದ ಈ ಸೌಂಡ್‌ಬಾರ್ ಕಂಪನಿಯವನು. ಇಸ್ತ್ರಿ ಮಾಡಿದ ಶರ್ಟು, ಇಸ್ತ್ರಿ ಮಾಡಿದ ಮಾತು.

"ಮೇಡಂ, ಈಗೆಲ್ಲಾ ಜನ ಟಿವಿ ಕೆಳಗೆ ಒಂದು ಉದ್ದದ ಡಬ್ಬ ಇಟ್ಟು ಮುಗಿಸ್ತಾರೆ. ವೈರಿಲ್ಲ, ಡ್ರಿಲ್ಲಿಲ್ಲ, ಧೂಳಿಲ್ಲ." ಅವನು ಓರೆಗಣ್ಣಲ್ಲಿ ಗೋಡೆಯ ಕಡೆ ನೋಡಿದ. "ವೈರಣ್ಣನೂ ಬೇಕಿಲ್ಲ!"

ಅವಳು ನಕ್ಕಿದ್ದು ಇದಕ್ಕೇ. ವೈರಣ್ಣನ ಮೈಯೆಲ್ಲ ಉರಿದುಹೋಯಿತು.

ಯಜಮಾನರಿಗೂ ಈ ಹೊಸ ಗಾಳಿ ಹಿಡಿದಿತ್ತು. ಶನಿವಾರ ಹತ್ತು ಜನ ಹಳೇ ಗಿರಾಕಿಗಳನ್ನು ಕರೆಸಿ, ಪರದೆಯ ಹಿಂದೆ ಎರಡು ಸೆಟ್ ಇಟ್ಟು ಕೇಳಿಸುವುದು. ಸೌಂಡ್‌ಬಾರ್ ಗೆದ್ದರೆ ಸೋಮವಾರ ಡೆಮೊ ಕೋಣೆ ಒಡೆದು ಹಾಕುವುದು. ಕೋಣೆ ಹೋದರೆ ಅವಳಿಗೆ ಇಲ್ಲಿ ಕೆಲಸವಿಲ್ಲ. ಕಂಪನಿಯವನು ಅದಕ್ಕೂ ದಾರಿ ಮಾಡಿಟ್ಟಿದ್ದ.

"ನಮ್ಮ ಹೆಡ್ ಆಫೀಸಿಗೆ ಬನ್ನಿ ಮೇಡಂ. ಟ್ರೈನರ್ ಮಾಡ್ತೀವಿ. ನಾನೂ ಅಲ್ಲೇ ಇರ್ತೀನಿ."

"ನಾನೂ ಅಲ್ಲೇ ಇರ್ತೀನಂತೆ," ಎಂದು ವೈರಣ್ಣ ಟೂಲ್‌ಬಾಕ್ಸಿಗೆ ಹೇಳಿದ. ಸೋತರೆ ಅವಳು ಊರು ಬಿಡುತ್ತಾಳೆ, ಅದೂ ಇವನ ಜೊತೆ. ಅವನ ತಲೆಯಲ್ಲಿ ಉಳಿದದ್ದು ಅದೊಂದೇ.

ಶನಿವಾರ ಬೆಳಗ್ಗೆ ವೈರ್ ಎಳೆದವನೂ ಅವನೇ. ಸ್ವಿಚ್ ಬಾಕ್ಸಿನಲ್ಲಿ "ಒಂದು" ಅಂದರೆ ಸೌಂಡ್‌ಬಾರ್, "ಎರಡು" ಅಂದರೆ ಅವನ ಸ್ಪೀಕರ್‌ಗಳು. ಎರಡಕ್ಕೂ ಬೇರೆ ಬೇರೆ ವಾಲ್ಯೂಮ್ ತಿರುಪು. ಅವಳು ಸದ್ದು ಅಳೆಯುವ ಮೀಟರ್ ಹಿಡಿದು ಎರಡನ್ನೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಸಮ ಮಾಡಿದಳು. ಕೊಂಚ ಜೋರಾಗಿ ಕೇಳಿದ್ದೇ ಚೆನ್ನಾಗಿ ಕೇಳಿದ ಹಾಗೆ ಕಿವಿಗೆ ಅನಿಸುತ್ತದೆ. ಈ ಕಸುಬಿನವರಿಗೆಲ್ಲ ಗೊತ್ತಿರುವ ಮಾತು.

ವೈರಣ್ಣನಿಗೂ ಚೆನ್ನಾಗಿಯೇ ಗೊತ್ತಿತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಪರದೆಯ ಹಿಂದೆ ನುಸುಳಿ "ಒಂದು" ಅಂತ ಬರೆದಿದ್ದ ತಿರುಪನ್ನು ಒಂದು ಚೂರು ಕೆಳಗೆ ತಿರುಗಿಸಿದ. ಒಂಬತ್ತು ವರ್ಷದಲ್ಲಿ ಮಾಡದ ಕೆಲಸ.

ಮೂರು ಗಂಟೆಗೆ ಡೆಮೊ ಶುರುವಾಯಿತು. ಮಳೆಯ ಸದ್ದು, ರೈಲಿನ ಸದ್ದು, ಒಬ್ಬಳ ಹಾಡು. ಕೈ ಎತ್ತಿಸಿದಾಗ "ಎರಡು" ಅಂದವರು ಎಂಟು ಜನ. ವೈರಣ್ಣ ಉಸಿರುಬಿಟ್ಟು ಅವಳ ಕಡೆ ನೋಡಿದ. ಅವಳ ಮುಖದಲ್ಲಿ ಗೆಲುವಿರಲಿಲ್ಲ.

"ಎರಡು ಅಂದ್ರೆ ಸೌಂಡ್‌ಬಾರ್," ಅಂದಳು.

"ಏನು?" ವೈರಣ್ಣನ ಬಾಯಿಂದ ತಾನಾಗೇ ಬಂತು.

"ಊಟಕ್ಕೆ ಹೋಗೋ ಮುಂಚೆ ಬಾಕ್ಸಿಗೆ ಬಂದಿರೋ ವೈರ್ ಅದಲು ಬದಲು ಮಾಡಿ, ಮತ್ತೆ ಮೀಟರ್ ಹಿಡಿದು ಸಮ ಮಾಡಿಟ್ಟೆ. ಯಾರೋ ಒಬ್ರು ಬಾಗಿಲ ಹತ್ರ ನಿಂತು, ಬೆಳಗ್ಗೇನೇ ಬಂದ ಒಂದಿಬ್ರು ಗಿರಾಕಿಗಳಿಗೆ 'ಒಂದು' ಅನ್ನಿ ಅಂತ ಬೆರಳು ತೋರಿಸ್ತಾ ಇದ್ರು." ಅವಳು ನೋಡಿದ್ದು ಕಂಪನಿಯವನನ್ನು. ಅವನಿಗೆ ನಾಚಿಕೆ ಎಲ್ಲಿಂದ ಬರಬೇಕು, ಗೆದ್ದಿದ್ದನಲ್ಲ! ಹಲ್ಲು ಕಿರಿದ.

ವೈರಣ್ಣ ಪರದೆಯ ಕಡೆ ತಿರುಗಿದ. ಅವನು ಕತ್ತು ಹಿಸುಕಿದ್ದು ತನ್ನದೇ ಸ್ಪೀಕರ್‌ಗಳದ್ದು.

"ಹಾಗಾದ್ರೆ ಸೋಮವಾರ ಕೋಣೆ ಒಡೆಯೋಣ," ಅಂದರು ಯಜಮಾನರು.

"ಒಂದು ನಿಮಿಷ ಸಾರ್." ಅವಳು ಮೀಟರ್ ಕೈಗೆತ್ತಿಕೊಂಡಳು. ಒಂದನ್ನು ಹಾಕಿದಳು, ಎರಡನ್ನು ಹಾಕಿದಳು. "ನಾನು ಸಮ ಮಾಡಿಟ್ಟಿದ್ದೆ. ಈಗ 'ಒಂದು' ಅನ್ನೋದರ ಸದ್ದು ಮೂರು ಡೆಸಿಬಲ್ ಕಡಿಮೆ ಇದೆ."

"ತಿರುಪು ಸಡಿಲ ಆಗಿರ್ಬೇಕು ಬಿಡಿ," ಎಂದ ಕಂಪನಿಯವನು.

ವೈರಣ್ಣ ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವಳು ತಿರುಪನ್ನು ನೋಡುತ್ತಿರಲಿಲ್ಲ, ವೈರಣ್ಣನ ಬೆರಳುಗಳನ್ನು ನೋಡುತ್ತಿದ್ದಳು. ಆ ನೋಟದ ಎದುರು ಸುಳ್ಳು ಹೇಳುವುದು ಅವನ ಕೈಲಾಗುವ ಮಾತಾಗಿರಲಿಲ್ಲ.

"ನಾನೇ ಕಡಿಮೆ ಮಾಡಿದ್ದು ಸಾರ್. ಅವರದ್ದು ಅಂದ್ಕೊಂಡು."

ಯಜಮಾನರು ಎದ್ದು ನಿಂತರು.

"ಯಾಕಯ್ಯಾ? ಕೆಲಸ ಹೋಗತ್ತೆ ಅಂತಾನಾ?"

"ಕೆಲಸಕ್ಕಲ್ಲ." ಅವನು ತಲೆ ಎತ್ತಲಿಲ್ಲ. "ಇವರು ಗೆದ್ರೆ ಮೇಡಂ ಹೊರಟುಹೋಗ್ತಾರೆ. ಇವರು ಏನು ಹೇಳಿದ್ರೂ ಮೇಡಂ ನಗ್ತಾರೆ. ನನ್ನ ಕೈಲಿ ನೋಡಕ್ಕಾಗ್ಲಿಲ್ಲ."

ಹತ್ತು ಜನ ಗಿರಾಕಿಗಳು ಸಿನಿಮಾ ನೋಡಲು ಬಂದವರ ಹಾಗೆ ಕುರ್ಚಿಯ ತುದಿಗೆ ಬಂದು ಕೂತರು. ಒಬ್ಬ ಅಜ್ಜಿಯಂತೂ ಬಾಯಿಬಿಟ್ಟೇ "ಅಯ್ಯೋ ಪಾಪ" ಅಂದರು. ಯಜಮಾನರು ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯದೆ ಕನ್ನಡಕ ಒರೆಸಿದರು. ಅವಳ ಕಿವಿ ಕೆಂಪಾಗಿತ್ತು, ಕೈ ಮಾತ್ರ ತಿರುಪನ್ನು ಮತ್ತೆ ಸಮ ಮಾಡುತ್ತಿತ್ತು.

ಎರಡನೇ ಸಲ ಕೇಳಿಸಿದಾಗ ಐದು, ಐದು.

"ನಿಮ್ಮ ಕಿವಿ ಚುರುಕು ಮೇಡಂ, ನೀವೇ ಹೇಳಿ," ಎಂದರು ಯಜಮಾನರು.

ವೈರಣ್ಣ ಈಗ ತಲೆ ಎತ್ತಿದ. ಇಷ್ಟಾದ ಮೇಲೆ ತನ್ನ ಕಡೆಗೇ ಅನ್ನುತ್ತಾಳೆ ಎಂಬ ಆಸೆ ಕಣ್ಣಲ್ಲಿತ್ತು. ಅವಳು ಅದನ್ನು ಕಂಡಳು, ಕಂಡೂ ಹೇಳಿದಳು.

"ಸಿನಿಮಾ ಹುಚ್ಚಿಗೆ ವೈರ್ ಸಾಹೇಬ್ರದ್ದು. ಆದ್ರೆ ಇವರೆಲ್ಲ ಇರೋದು ಚಿಕ್ಕ ಮನೆಗಳಲ್ಲಿ, ಗೋಡೆ ಆಚೆ ಇನ್ನೊಬ್ರ ಮಲಗೋ ಕೋಣೆ. ಅಲ್ಲಿಗೆ ಸೌಂಡ್‌ಬಾರೇ ಸರಿ."

ಸಂಜೆ ಎಲ್ಲರೂ ಹೋದ ಮೇಲೆ ವೈರಣ್ಣ ವೈರ್ ಸುತ್ತುತ್ತಾ ಕೂತಿದ್ದ. ಅವಳು ಬಂದು ವೈರಿನ ಇನ್ನೊಂದು ತುದಿ ಹಿಡಿದುಕೊಂಡಳು.

"ಸಿಟ್ಟಾ?"

"ಇಲ್ಲ. ನೀವು ಹೇಳಿದ್ದು ಸರಿಯಾಗೇ ಇತ್ತು. ಅದಕ್ಕೇ ಬೇಜಾರು." ಅವನು ವೈರನ್ನು ಇನ್ನೊಂದು ಸುತ್ತು ಸುತ್ತಿದ. "ಯಾವಾಗ ಹೊರಡೋದು?"

"ಎಲ್ಲಿಗೆ?"

"ಅವನ ಹೆಡ್ ಆಫೀಸಿಗೆ."

"ಬುಧವಾರಾನೇ ಬರಲ್ಲ ಅಂದೆ. ಇಲ್ಲೇ ಮುಂದಿನ ಕೌಂಟರಿಗೆ ಹಾಕಿ ಅಂತ ಯಜಮಾನರನ್ನೂ ಕೇಳಿದೆ, ಒಪ್ಪಿದ್ರು."

ವೈರ್ ಸುತ್ತುತ್ತಿದ್ದ ಕೈ ನಿಂತಿತು. "ಮತ್ತೆ ಅಷ್ಟೊಂದು ನಗ್ತಿದ್ರಿ?"

"ಜೋಕ್ ಹೇಳಿದ್ರೆ ನಗ್ತೀನಿ. ನೀವು ಎರಡು ವರ್ಷದಲ್ಲಿ ಒಂದಾದ್ರೂ ಹೇಳಿದ್ದೀರಾ? ಬೆಳಗ್ಗೆ ಬರ್ತೀರಾ, ಮೆತ್ತನೆ ಬಟ್ಟೆ ತಗೊಂಡು ಆ ಸ್ಪೀಕರ್‌ಗಳನ್ನ ಒರೆಸ್ತೀರಾ. ಮಗು ಮುಖ ಒರೆಸಿದ ಹಾಗೆ! ಪಕ್ಕದಲ್ಲಿ ಒಬ್ಬಳು ಹೊಸ ಕುರ್ತಾ ಹಾಕ್ಕೊಂಡು ನಿಂತಿದ್ರೂ ಆ ಕಡೆ ಕಣ್ಣಿಲ್ಲ. ಹೊಟ್ಟೆಕಿಚ್ಚು ನಿಮಗೊಬ್ಬರಿಗೇ ಇರತ್ತಾ?" ಅವಳು ವೈರನ್ನು ಜಗ್ಗಿದಳು. "ವೋಟು ನ್ಯಾಯವಾಗೇ ಹಾಕಿದೆ. ಆದ್ರೆ ಆ ಸ್ಪೀಕರ್‌ಗಳು ಹೋಗ್ತಾವೆ ಅಂದಾಗ ನನಗೇನೂ ಬೇಜಾರಾಗ್ಲಿಲ್ಲ."

ವೈರಣ್ಣ ಇಂಗು ತಿಂದ ಮಂಗನ ಹಾಗೆ ಕೂತ. ಆಮೇಲೆ ನಗು ಬಂತು, ತಡೆಯಲಾಗದಷ್ಟು ಬಂತು.

"ನೋಡಿದ್ದೆ. ನೀಲಿ ಕುರ್ತಾ. ಅವತ್ತು ಒಂದೇ ಸ್ಪೀಕರನ್ನ ಆರು ಸಲ ಒರೆಸಿದ್ದೆ, ತಲೆ ಎತ್ತೋಕೆ ಹೆದರಿಕೆಯಾಗಿ." ನಗು ನಿಂತಾಗ ಅವನ ದನಿ ಸಣ್ಣಗಾಗಿತ್ತು. "ನೀವಂದ್ರೆ ನಂಗೆ ತುಂಬಾ ಇಷ್ಟ."

"ಹತ್ತು ಜನರ ಮುಂದೆ ಹೇಳಿದ್ದಕ್ಕಿಂತ ಇದು ಚೆನ್ನಾಗಿ ಕೇಳಿಸ್ತು," ಅಂದಳು. ಅವಳ ಕಣ್ಣಂಚು ಒದ್ದೆಯಾಗಿತ್ತು.

ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ನಾಳೆ ಭಾನುವಾರ, ನಮ್ಮನೆಗೆ ಬಾ. ಸೌಂಡ್‌ಬಾರ್ ಕೂರಿಸೋರು ಬರ್ತಾರೆ ಅಂತ ಅಮ್ಮನಿಗೆ ಹೇಳಿರ್ತೀನಿ."

ಅವಳು 'ನೀವು' ಬಿಟ್ಟು 'ಬಾ' ಅಂದದ್ದು ಅವನಿಗೆ ಗೊತ್ತಾಗುವಷ್ಟರಲ್ಲಿ ಅವಳು ಹೊಸ್ತಿಲು ದಾಟಿದ್ದಳು.

"ಸೌಂಡ್‌ಬಾರಿಗೆ ಕೂರಿಸೋದೇನಿದೆ? ಡಬ್ಬ ಬಿಚ್ಚಿ ಇಟ್ರೆ ಐದು ನಿಮಿಷ!" ಎಂದು ಕೂಗಿದ.

"ಗೊತ್ತು," ಎಂದು ಹೊರಗಿನಿಂದ ಉತ್ತರ ಬಂತು. "ಉಳಿದ ಹೊತ್ತು ಅಮ್ಮನ ಜೊತೆ ಏನು ಮಾತಾಡ್ತೀಯಾ ಅಂತ ಯೋಚನೆ ಮಾಡ್ಕೊಂಡು ಬಾ."