ಚಂದ್ರನಲ್ಲಿ ಕಡಲಿನ ಹೆಪ್ಪು

ನೀರು ಪರೀಕ್ಷಿಸುವ ಯಂತ್ರ ಜಲಜಿಹ್ವೆ ಹೊಸ ತೊಟ್ಟಿಯ ಉಪ್ಪುನೀರಿನ ರುಚಿ ನೋಡಿ ಕೆಂಪು ದೀಪ ಹೊತ್ತಿಸಿತು.

"ನೀರಿನಲ್ಲಿ ವಿಷವಿದೆ. ಬಾಗಿಲು ತೆರೆಯುವುದಿಲ್ಲ."

ವಾರಿಜಕ್ಕ ದೀಪವನ್ನೇ ದಿಟ್ಟಿಸಿದಳು. ನಿನ್ನೆಯಷ್ಟೇ ಹಸಿರು ದೀಪ ಉರಿದಿತ್ತು; ಇಂದು ಬಾಗಿಲು ತೆರೆಯಬೇಕಿತ್ತು. ಮಲ್ಪೆಯಿಂದ ಬಂದು, ಚಂದ್ರನ ನೆಲದಡಿಯ ಈ ವಸಾಹತಿನ ಅಡುಗೆಮನೆ ನಡೆಸುತ್ತಿದ್ದ ಆಕೆ, ಕಡಲನ್ನೇ ಕಾಣದ ಇಲ್ಲಿನ ಮಕ್ಕಳಿಗೆಂದು ಪಟ್ಟುಹಿಡಿದು ಒಂದು ಜೋಡಿ ಕಡಲ ಮೀನು ತರಿಸಿದ್ದಳು. ಕಿತ್ತಳೆ ಮೈಗೆ ಬಿಳಿ ಪಟ್ಟಿ. ಅವು ಇನ್ನೂ ಪ್ರಯಾಣದ ಪೀಪಾಯಿಯಲ್ಲೇ ಇದ್ದವು. ಆ ಇಕ್ಕಟ್ಟಿನಲ್ಲಿ ಬಹಳ ದಿನ ಬದುಕುವಂತಿರಲಿಲ್ಲ.

ಜಲಜಿಹ್ವೆಗೆ ಎರಡು ನಾಲಿಗೆ: ಒಂದು ಪೀಪಾಯಿಯಲ್ಲಿ, ಇನ್ನೊಂದು ತೊಟ್ಟಿಯಲ್ಲಿ. ಎರಡಕ್ಕೂ ಸ್ಪಂಜಿನ ಹೊದಿಕೆ. ತೊಟ್ಟಿಯ ನೀರು ಹದವಾಗುವ ತನಕ ನಡುವಿನ ಬಾಗಿಲನ್ನು ಅದು ಬಿಗಿಯಾಗಿ ಮುಚ್ಚಿರುತ್ತಿತ್ತು.

"ವಾರಿಜಕ್ಕಾ, ತೊಟ್ಟಿಗೆ ಏನಾದರೂ ಮಾಡಿದಿರಾ?" ಯಂತ್ರವನ್ನು ರೂಪಿಸಿದ ಡಾ. ಶಾರ್ವರಿ ಕೇಳಿದಳು.

"ನಾನೆಂಥ ಮಾಡ್ಲಿ ಡಾಕ್ಟ್ರೇ? ಕಲ್ಲೆಲ್ಲ ಲೋಳೆ ಲೋಳೆ, ನಾತ ಬೇರೆ. ಗೃಹಪ್ರವೇಶಕ್ಕೆ ಮನೆ ತೊಳೀದೆ ಕೊಡ್ಲಿಕ್ಕುಂಟಾ? ಕುದಿನೀರು ಹೊಯ್ದು ಚೆಂದಕ್ಕೆ ಉಜ್ಜಿದೆ."

ಶಾರ್ವರಿ ತಲೆಯ ಮೇಲೆ ಕೈಹೊತ್ತು ಕುಳಿತಳು. "ಆ ಲೋಳೆಯಲ್ಲಿ ಜೀವಾಣುಗಳಿದ್ದವು, ಅಕ್ಕಾ. ಮೀನಿನ ಹೊಲಸಿನಿಂದ ಹುಟ್ಟುವ ವಿಷವನ್ನು ತಿಂದು ನೀರನ್ನು ಕಾಯುವುದು ಅವೇ. ಈಗ ಸತ್ತು ಕೊಳೆತು, ತಾವೇ ವಿಷವಾಗಿವೆ."

"ಅಯ್ಯೋ! ಹೆಪ್ಪನ್ನೇ ತೊಳೆದುಬಿಟ್ಟೆನಾ!" ಎಂದಳು ವಾರಿಜಕ್ಕ. "ಭೂಮಿಯಿಂದ ಬೇರೆ ತರಿಸಿ."

"ಅಷ್ಟು ದಿನ ಮೀನುಗಳು ಕಾಯುವುದಿಲ್ಲ."

"ಹಾಗಾದ್ರೆ ಎಲ್ಲಾದ್ರೂ ಒಂಚೂರು ಅಂಟಿಕೊಂಡಿರ್ಬೇಕು, ನೋಡಿ. ಮೊಸರು ಮುಗಿದ್ರೆ ನಾವು ಪಾತ್ರೆಯ ಅಂಚು ಕೆರೀತೇವೆ."

ಶಾರ್ವರಿ ತಟ್ಟನೆ ಎದ್ದು ಪೀಪಾಯಿಯೊಳಗಿನ ನಾಲಿಗೆಯನ್ನು ಮೇಲೆತ್ತಿದಳು. ಸ್ಪಂಜು ಕಂದು ಲೋಳೆಯಿಂದ ಜಾರುತ್ತಿತ್ತು.

"ಇದನ್ನು ದಿನವೂ ತೊಳೆಯಬೇಕೆಂದು ನಿಯಮ ಬರೆದವಳು ನಾನೇ," ಎಂದಳು ನಾಚುತ್ತ. "ಭೂಮಿ ಬಿಟ್ಟಮೇಲೆ ಒಮ್ಮೆಯೂ ತೊಳೆದಿಲ್ಲ."

"ನಿಮ್ಮ ಸೋಮಾರಿತನಕ್ಕೆ ದೃಷ್ಟಿ ತೆಗೀಬೇಕು, ಡಾಕ್ಟ್ರೇ!"

ತೊಟ್ಟಿಯ ನೀರು ಬದಲಾಯಿತು. ಸ್ಪಂಜನ್ನು ಎರಡಾಗಿ ಕತ್ತರಿಸಿ, ಅರ್ಧವನ್ನು ಪೀಪಾಯಿಯಲ್ಲೇ ಬಿಟ್ಟು, ಇನ್ನರ್ಧವನ್ನು ಕಲ್ಲುಗಳ ನಡುವೆ ಇಟ್ಟರು. ಜೀವಾಣುಗಳಿಗೆ ಊಟವೆಂದು ವಾರಿಜಕ್ಕ ಒಣಸೀಗಡಿಯ ಪುಡಿ ಉದುರಿಸಿದಳು. ಆ ಪುಡಿ ಕೊಳೆತು ಹುಟ್ಟುವ ವಿಷವನ್ನು ತಿಂದು ಮುಗಿಸುವಷ್ಟು ಅವು ಇನ್ನೂ ಬೆಳೆದಿರಲಿಲ್ಲ; ದೀಪ ಕೆಂಪಾಗಿಯೇ ಇತ್ತು. ದಿನವೂ ಮಕ್ಕಳು ಬಂದು ನೋಡಿ, ಸಪ್ಪೆಮುಖ ಹೊತ್ತು ಹಿಂತಿರುಗುತ್ತಿದ್ದರು. ಆಕೆ ಮಾತ್ರ ಕಲ್ಲಿನ ಮೇಲೆ ಬೆರಳಾಡಿಸಿ, ಲೋಳೆ ಕೂತಿದೆಯೇ ಎಂದು ಹುಡುಕುತ್ತಿದ್ದಳು.

ಕೊನೆಗೊಂದು ಬೆಳಿಗ್ಗೆ ಜಲಜಿಹ್ವೆ ಹೇಳಿತು: "ಬಾಗಿಲು ತೆರೆಯುತ್ತಿದ್ದೇನೆ."

ಮೀನುಗಳು ಒಂದರ ಹಿಂದೊಂದು ಹೊಸ ಮನೆಗೆ ಈಜಿ ಬಂದವು. ಮಕ್ಕಳು ಕಿರುಚಿದರು. ವಾರಿಜಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ನಮ್ಮ ಕಡಲಿನವು!" ಎಂದಳು.

ಅಪಾಯ ಸಾರಲೆಂದು ಕಟ್ಟಿದ ಯಂತ್ರ ಚಂದ್ರನಿಗೆ ಕಡಲಿನ ಹೆಪ್ಪು ಹೊತ್ತು ತರುತ್ತದೆಂದು ಯಾರೂ ಎಣಿಸಿರಲಿಲ್ಲ. ಇಂದು ಚಂದ್ರನ ಯಾವ ವಸಾಹತಿನಲ್ಲಿ ಹೊಸ ತೊಟ್ಟಿ ಕಟ್ಟಿದರೂ, ಮೊದಲು ಬಟ್ಟಲು ಹಿಡಿದು ವಾರಿಜಕ್ಕನ ಅಡುಗೆಮನೆಗೆ ಬರುತ್ತಾರೆ. ಆಕೆ ಲೋಳೆಗಟ್ಟಿದ ಕಲ್ಲೊಂದನ್ನು ಆರಿಸಿ, ಉಪ್ಪುನೀರಿನಲ್ಲಿ ಮುಳುಗಿಸಿ ಕೊಡುತ್ತಾಳೆ. ಕೊಟ್ಟ ಮೇಲೂ ಬಟ್ಟಲಿನಿಂದ ಕೈ ತೆಗೆಯುವುದಿಲ್ಲ.

"ತೊಳೀಲಿಕ್ಕಿಲ್ಲ, ಆಯ್ತಾ?" ಎಂದು ಗದರಿ, ಅವರು ತಲೆಯಾಡಿಸಿದ ಮೇಲೆಯೇ ಬಿಡುತ್ತಾಳೆ.